ಹ್ಯಾವ್‌ಲಾಕ್‌ನಲ್ಲಿ ಮೂರು ರಾತ್ರಿ: ರಾಧಾನಗರ ಬೀಚೋ, ವಿಜಯನಗರ ಬೀಚೋ?

ಅಂಡಮಾನಿನ ಹ್ಯಾವ್‌ಲಾಕ್ ದ್ವೀಪಕ್ಕೆ (ಈಗ ಸ್ವರಾಜ್ ದ್ವೀಪ) ಹೊರಟಿದ್ದೇವೆ, ಈ ಎರಡರಲ್ಲಿ ಯಾವ ಬೀಚಿನಲ್ಲಿ ಉಳಿಯಲಿ ಅಂತ ಕೇಳಿದ್ದೀರಿ. ಹೆಂಡತಿ, ಆರು ವರ್ಷದ ಮಗಳು, ಮೂರು ರಾತ್ರಿ, ಅದೂ ಹುಣ್ಣಿಮೆ ನೋಡಿಕೊಂಡು! ನಾಲ್ಕು ವರ್ಷದ ಹಿಂದೆ ನಾನೂ ಥೇಟ್ ಹೀಗೇ ಲೆಕ್ಕ ಹಾಕಿದ್ದೆ.

ವಿಜಯನಗರದಲ್ಲಿ, ಅಂದರೆ ಆಟೋದವರು ಹೇಳುವ ಐದನೇ ನಂಬರ್ ಬೀಚಿನಲ್ಲಿ, ಕಡಲಿಗೆ ಮುಖ ಮಾಡಿದ ರೂಮು ಬುಕ್ ಮಾಡಿದೆ. ರಾತ್ರಿಗೆ ಎರಡು ಸಾವಿರ ಜಾಸ್ತಿ, ಪೂರ್ತಿ ಮುಂಗಡ. ಫೋಟೋದಲ್ಲಿ ಮೆಟ್ಟಿಲ ತನಕ ನೀಲಿ ನೀರು. ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ ನೋಡಿದರೆ ನೀರೇ ಇಲ್ಲ! ಕಣ್ಣು ಹಾಯುವಷ್ಟು ದೂರ ಕಲ್ಲು, ಸತ್ತ ಹವಳ, ಕೆಸರು. ಮಗಳು ಈಜುಡುಗೆ ಹಾಕಿಕೊಂಡು ನಿಂತು, 'ಅಪ್ಪಾ, ಸಮುದ್ರ ಎಲ್ಲಿ ಹೋಯ್ತು?' ಅಂದಳು.

ಸಂಜೆ ಮಲ್ಪೆಯ ಭಾವನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ಅವರು ಕೇಳಿದ್ದು ಒಂದೇ ಮಾತು: 'ಹುಣ್ಣಿಮೆಗೆ ಹೋಗಿದ್ದೀಯಾ ಮಾರಾಯಾ?'

ನಾನು ದಾವಣಗೆರೆಯವನು. ಉಬ್ಬರ ಇಳಿತ ನನಗೆ ಶಾಲೆಯ ಪಾಠ ಅಷ್ಟೇ. ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯ ಚಂದ್ರ ಒಂದೇ ಗೆರೆಗೆ ಬಂದು ನೀರನ್ನು ಎಳೆಯುತ್ತವೆ. ಉಬ್ಬರವೂ ಜಾಸ್ತಿ, ಇಳಿತವೂ ಜಾಸ್ತಿ. ಅಂಡಮಾನಿನಲ್ಲಿ ಆಗ ನೀರು ಸುಮಾರು ಎರಡು ಮೀಟರ್ ಇಳಿಯುತ್ತದೆ. ಎರಡು ಮೀಟರ್ ಏನು ಮಹಾ ಅನ್ನಿಸುತ್ತದೆ, ಅಲ್ವಾ? ಆದರೆ ಐದನೇ ನಂಬರ್‌ನ ತಳ ತಟ್ಟೆಯ ಹಾಗೆ ಚಪ್ಪಟೆ. ಎರಡು ಮೀಟರ್ ಕೆಳಗಿಳಿದರೆ ಕಡಲು ಎಷ್ಟೋ ದೂರ ಹಿಂದೆ ಸರಿಯುತ್ತದೆ. ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮಾತ್ರ ತಡವಾಗುತ್ತದೆ, ಮೂರು ದಿನದಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಹಾಗಾಗಿ ಮೂರು ದಿನವೂ ಬೆಳಿಗ್ಗೆ ನೀರಿತ್ತು, ನಾವು ಸುತ್ತಾಡಲು ಹೋಗಿದ್ದೆವು. ನಾವು ವಾಪಸ್ ಬರುವಷ್ಟರಲ್ಲಿ ಅದು ಹೋಗಿರುತ್ತಿತ್ತು. ಬೇಕಂತಲೇ ಹುಣ್ಣಿಮೆ ಆರಿಸಿಕೊಂಡ ಬುದ್ಧಿವಂತ ನಾನೇ.

ಹಾಗಾಗಿ ಯಾವ ಬೀಚಿನಲ್ಲಿ ಉಳಿಯಲಿ ಅನ್ನುವ ಪ್ರಶ್ನೆಯೇ ತಪ್ಪು. ಉಳಿಯುವ ಜಾಗ ಬೇರೆ, ನೀರಿಗಿಳಿಯುವ ಜಾಗ ಬೇರೆ. ಐದರ ಕಡೆಯೇ ರಸ್ತೆಯಾಚೆ ತೋಟದೊಳಗೆ ಅಗ್ಗದ ರೂಮು ಹಿಡಿಯಿರಿ. ಸ್ನಾನಕ್ಕೆ ರಾಧಾನಗರಕ್ಕೆ, ಅಂದರೆ ಏಳನೇ ನಂಬರ್ ಬೀಚಿಗೆ ಹೋಗಿ. ಆಟೋದಲ್ಲಿ ಅರ್ಧ ಗಂಟೆ. ಅಲ್ಲಿ ಬರೀ ಮರಳು, ಇಳಿತದಲ್ಲೂ ಕಾಲಿಗೆ ಕಲ್ಲು ಸಿಗಲಿಲ್ಲ. ಅಲೆ ಮಾತ್ರ ಸ್ವಲ್ಪ ಜೋರು, ಮಗಳ ಕೈ ಬಿಡಬೇಡಿ. ಎಲ್ಲರೂ ಸೂರ್ಯಾಸ್ತಕ್ಕೆ ನುಗ್ಗುತ್ತಾರೆ. ಡಿಸೆಂಬರ್‌ನಲ್ಲಿ ಐದು ಗಂಟೆಗೆಲ್ಲ ಸೂರ್ಯ ಮುಳುಗಿ, ಸೀಟಿ ಊದಿ ನೀರಿನಿಂದ ಎಬ್ಬಿಸುತ್ತಾರೆ. ನೀವು ಬೆಳಿಗ್ಗೆಯೇ ಹೋಗಿ.

ಏಳರಲ್ಲೇ ಉಳಿಯಬಹುದಲ್ಲ ಅಂದರೆ, ದುಡ್ಡಿದ್ದರೆ ಧಾರಾಳವಾಗಿ. ರೂಮು ಕಡಿಮೆ, ಊಟದ ಅಂಗಡಿಯೂ ಕಡಿಮೆ. ಅಲ್ಲೊಂದು ರಾತ್ರಿ, ಇಲ್ಲೆರಡು ರಾತ್ರಿ ಅಂತ ಬರೆದಿದ್ದೀರಲ್ಲ, ಅದು ಬೇಡವೇ ಬೇಡ. ಇರುವುದೇ ಅಷ್ಟಗಲದ ದ್ವೀಪ, ಸುಮ್ನೆ ಲಗೇಜ್ ಹೊರಬೇಡಿ. ತಾರೀಖು ಇನ್ನೂ ನಿಮ್ಮ ಕೈಯಲ್ಲಿದ್ದರೆ ಪಂಚಾಂಗ ತೆಗೆದು ಅಷ್ಟಮಿ-ನವಮಿ ಹತ್ತಿರಕ್ಕೆ ಇಟ್ಟುಕೊಳ್ಳಿ. ಆಗ ಇಳಿತ ಕಡಿಮೆ.

ಆದರೂ ಸುಳ್ಳು ಹೇಳಬಾರದು. ಮೊದಲ ರಾತ್ರಿ ಹತ್ತರ ಹೊತ್ತಿಗೆ ಎಚ್ಚರವಾಗಿ ಹೊರಗೆ ಬಂದೆ. ಫೋಟೋದಲ್ಲಿದ್ದ ಹಾಗೆಯೇ ನೀರು ಮೆಟ್ಟಿಲ ತನಕ ಬಂದಿತ್ತು, ಮೇಲೆಲ್ಲ ಬೆಳದಿಂಗಳು. ಮಗಳು ನಿದ್ದೆ ಹೋಗಿದ್ದಳು, ಈಜುಡುಗೆ ಇನ್ನೂ ಮೈಮೇಲೇ ಇತ್ತು.