ಮದೀರಾ ದ್ವೀಪದಲ್ಲಿ ಐಷಾರಾಮಿ ಹೋಟೆಲ್, ಸಾಹಸ ಎರಡೂ ಸಿಗುತ್ತವೆಯೇ?

ದಾವಣಗೆರೆಯಿಂದ ಹೊರಡುವ ನಿಮ್ಮ ಕುಟುಂಬಕ್ಕೆ ಒಳ್ಳೆಯ ಹೋಟೆಲೂ ಬೇಕು, ಚಾರಣವೂ ಬೇಕು ಎಂದು ಕೇಳಿದ್ದೀರಿ. ಎರಡೂ ಸಿಗುತ್ತವೆ. ಮರಳಿನ ಕಡಲತೀರ ಮಾತ್ರ ಕಡಿಮೆ; ದಡದಲ್ಲಿ ಬಹುಪಾಲು ಬಂಡೆ, ಉರುಟುಗಲ್ಲು. ಮರಳು ಬೇಕೆಂದರೆ ಪಕ್ಕದ ಪೋರ್ಟೊ ಸಾಂಟೊ ದ್ವೀಪಕ್ಕೆ ಹಡಗಿನಲ್ಲಿ ಹೋಗಿ.

ಮದೀರಾ ಪೋರ್ಚುಗಲ್‌ಗೆ ಸೇರಿದ್ದು, ಆದ್ದರಿಂದ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಬೇಕು.

ನಿಜವಾದ ಸೊಗಸು ಇರುವುದು ಲೆವಾಡಗಳಲ್ಲಿ. ಇವು ಬೆಟ್ಟದ ಮೈಯಲ್ಲಿ ಕೊರೆದ ಕಿರುನಾಲೆಗಳು. ನಮ್ಮ ಭದ್ರಾ ನಾಲೆ ಮಲೆನಾಡಿನ ನೀರನ್ನು ದಾವಣಗೆರೆಯ ಗದ್ದೆಗಳಿಗೆ ತರುವಂತೆ, ಇವು ಮಳೆ ಹೆಚ್ಚಿರುವ ಉತ್ತರದ ನೀರನ್ನು ಒಣ ದಕ್ಷಿಣದ ಬಾಳೆತೋಟಗಳಿಗೆ ಒಯ್ಯುತ್ತವೆ. ನಾಲೆಯ ಏರಿಯ ಮೇಲೆ ಓಡಾಡಿ ಬೆಳೆದ ನನಗೆ ಆ ನೀರಿನ ಸದ್ದು ಊರಿನದೇ ಅನ್ನಿಸಿತು. ಆದರೆ ಕಾಲಿಡುವ ಜಾಗ ಹಲವೆಡೆ ಒಂದು ಮೊಳ ಅಗಲ: ಒಂದು ಕಡೆ ಹರಿಯುವ ನೀರು, ಇನ್ನೊಂದು ಕಡೆ ಪ್ರಪಾತ, ನಡುವೆ ಒಂದು ತಂತಿ. ತಲೆ ಸುತ್ತುವವರನ್ನು ದಯವಿಟ್ಟು ಕರೆದೊಯ್ಯಬೇಡಿ. ಕಾಲ್ಡೆರಾವ್ ವೆರ್ಡೆ ಎಂಬ ಲೆವಾಡ ದಾರಿಯಲ್ಲಿ ಕತ್ತಲೆಯ ಸುರಂಗಗಳಿವೆ, ಟಾರ್ಚ್ ಬೇಕೇಬೇಕು. ಇಲ್ಲಿನ ಲಾರೆಲ್ ಎಂಬ ನಿತ್ಯಹಸಿರು ಮರಗಳ ಕಾಡು 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅತ್ಯುನ್ನತ ಶಿಖರ ಪಿಕೊ ರುಯಿವೊ, 1,862 ಮೀಟರ್. ಬೇಸಿಗೆಯಲ್ಲೂ ಸ್ವೆಟರ್ ಇಟ್ಟುಕೊಳ್ಳಿ.

ಹೋಟೆಲ್‌ಗಳು ಹೆಚ್ಚಾಗಿ ರಾಜಧಾನಿ ಫುಂಶಾಲ್‌ನಲ್ಲಿವೆ. 1891ರಲ್ಲಿ ತೆರೆದ ರೀಡ್ಸ್ ಅವುಗಳಲ್ಲಿ ಹೆಸರಾದದ್ದು. ನನ್ನ ಸಲಹೆ: ಐಷಾರಾಮಕ್ಕೆ ಎರಡು ರಾತ್ರಿ ಸಾಕು, ಉಳಿದ ದಿನಗಳನ್ನು ಬೆಟ್ಟಕ್ಕೆ ಹತ್ತಿರದ ಸಣ್ಣ ಊರಿನಲ್ಲಿ ಕಳೆಯಿರಿ.