ತಕ್ಕಡಿಯ ಬಳಿ ನಿಂತು ಬರೆಯಿರಿ

ಪ್ರಿಯ ಲೇಖಕರೇ,

ಫ್ರಾನ್ಸಿನ ಲ ಮಾನ್ ಪಟ್ಟಣದಲ್ಲಿ 1923ರಿಂದ ನಡೆದುಬಂದಿರುವ ಇಪ್ಪತ್ನಾಲ್ಕು ಗಂಟೆಗಳ ಕಾರ್ ಓಟವನ್ನೂ ಅದರ ಬೆನ್ನಿಗಿರುವ ಅಂತರರಾಷ್ಟ್ರೀಯ ರಾಜಕೀಯವನ್ನೂ ಕುರಿತು ನೀವು ಕಳುಹಿಸಿದ ‘ಚಕ್ರಗಳ ಕುರುಕ್ಷೇತ್ರ’ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಹಾಗೆಂದು ಎರಡು ಸಾಲಿನ ವಿಷಾದಪತ್ರ ಬರೆದು ಹಿಂದಿರುಗಿಸಲು ಮನಸ್ಸು ಒಪ್ಪಲಿಲ್ಲ. ಫಾರ್ಮುಲಾ ಒನ್ ಬಿಟ್ಟು ಬೇರೆ ಮೋಟಾರು ಕ್ರೀಡೆಯ ಬಗ್ಗೆ ಕನ್ನಡದಲ್ಲಿ ಇಷ್ಟು ಆಸ್ಥೆಯಿಂದ ಬರೆಯುವವರು ಅಪರೂಪ. ಜೊತೆಗೆ, ನಿಮ್ಮ ಲೇಖನದ ಒಂಬತ್ತನೆಯ ಪುಟದಲ್ಲಿ ನೀವೇ ಗಮನಿಸದೆ ಬಿಟ್ಟ ಅರ್ಧ ಪುಟವೊಂದಿದೆ. ಅದಕ್ಕಾಗಿಯೇ ಈ ದೀರ್ಘ ಉತ್ತರ.

ಮೊದಲು ಮುಖ್ಯ ದೋಷವನ್ನು ಹೇಳಿಬಿಡುತ್ತೇನೆ. ನಿಮ್ಮ ಕೈಯಲ್ಲಿರುವುದು ಒಂದು ಲೇಖನವಲ್ಲ, ಒಂದಕ್ಕೊಂದು ಮಾತನಾಡದ ಎರಡು ಲೇಖನಗಳು. ಮೊದಲರ್ಧದಲ್ಲಿ ಉಕ್ಕಿನ ಕುದುರೆಗಳು ಕೆನೆಯುತ್ತವೆ, ಕಾಲಪುರುಷ ನಗುತ್ತಾನೆ, ಚಾಲಕರು ಅಗ್ನಿಪರೀಕ್ಷೆಗೆ ಇಳಿಯುತ್ತಾರೆ. ಎರಡನೆಯ ಅರ್ಧದಲ್ಲಿ ಕಾರುಗಳೆಲ್ಲ ಮಾಯವಾಗಿ ‘ಷಡ್ಯಂತ್ರ’ ಎಂಬ ಪದ ಮಾತ್ರ ಉಳಿಯುತ್ತದೆ. ಅದು ಹನ್ನೊಂದು ಸಲ ಬಂದಿದೆ. ಯಾರು, ಯಾವ ನಿಯಮವನ್ನು, ಎಷ್ಟು ಬದಲಿಸಿದರು, ಅದರಿಂದ ಯಾವ ಕಾರು ನಿಧಾನವಾಯಿತು ಎಂಬುದು ಒಂದು ಕಡೆಯೂ ಇಲ್ಲ. ಮೋಟಾರು ಕ್ರೀಡೆಯ ರಾಜಕೀಯ ಪ್ಯಾರಿಸ್ಸಿನ ಮುಚ್ಚಿದ ಕೋಣೆಯಲ್ಲಿ ಹುಟ್ಟಬಹುದು, ಆದರೆ ಅದು ಕಣ್ಣಿಗೆ ಬೀಳುವುದು ನಿಯಮಪುಸ್ತಕದ ಅಂಕಿಗಳಲ್ಲಿ: ಇಷ್ಟು ಕಿಲೋಗ್ರಾಂ, ಇಷ್ಟು ಲೀಟರ್, ಇಷ್ಟು ಕಿಲೋಮೀಟರ್. ಆ ಅಂಕಿಗಳನ್ನು ಬಿಟ್ಟು ರಾಜಕೀಯ ಬರೆಯಹೊರಟರೆ ಕೈಗೆ ಸಿಗುವುದು ಬೈಗುಳ ಮಾತ್ರ.

ನಿಮ್ಮ ಖಳನಾಯಕ ಜಾನ್ ಮಾರಿ ಬಲೆಸ್ತ್ರ್ ಅವರಿಂದಲೇ ಆರಂಭಿಸೋಣ. ಅವರನ್ನು ನೀವು ಒಮ್ಮೆ ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐಎ ಅಧ್ಯಕ್ಷರೆಂದೂ ಇನ್ನೊಮ್ಮೆ ಲ ಮಾನ್ ಓಟದ ಒಡೆಯರೆಂದೂ ಬರೆದಿದ್ದೀರಿ. ಓಟ ಅವರದಾಗಿರಲಿಲ್ಲ, ಜಗಳದ ಮೂಲವೇ ಅದು. ಓಟ ನಡೆಸುವುದು ಎಸಿಓ ಎಂಬ ಸ್ಥಳೀಯ ಮೋಟಾರು ಕ್ಲಬ್. 1906ರಲ್ಲಿ ಅದೇ ಸೀಮೆಯಲ್ಲಿ ಫ್ರಾನ್ಸಿನ ಮೊದಲ ಗ್ರಾಂಡ್ ಪ್ರೀ ನಡೆಸಲು ನೆರವಾದವರ ಪರಂಪರೆ ಅದು. ವಿಶ್ವ ಚಾಂಪಿಯನ್‌ಷಿಪ್ ಎಂಬ ಹೆಸರಿನ ಮೇಲೆ ಹಕ್ಕಿದ್ದದ್ದು ಎಫ್‌ಐಎಗೆ. ಅದರ ಕ್ರೀಡಾ ವಿಭಾಗವಾಗಿದ್ದ ಫೀಸಾ ಎಂಬ ಸಂಸ್ಥೆಗೆ 1991ರ ಅಕ್ಟೋಬರ್‌ವರೆಗೆ ಬಲೆಸ್ತ್ರ್ ಅಧ್ಯಕ್ಷರಾಗಿದ್ದರು. ಓಟ ಒಬ್ಬರದು, ಪಟ್ಟ ಇನ್ನೊಬ್ಬರದು. ಲ ಮಾನ್ ಇಲ್ಲದ ಚಾಂಪಿಯನ್‌ಷಿಪ್‌ಗೆ ಕಳೆಯಿಲ್ಲ, ಆದರೆ ಚಾಂಪಿಯನ್‌ಷಿಪ್ ಇಲ್ಲದೆಯೂ ಲ ಮಾನ್ ನಡೆಯುತ್ತದೆ. ಈ ಅಸಮತೋಲವನ್ನು ಓದುಗನಿಗೆ ಮೊದಲ ಪುಟದಲ್ಲೇ ತಿಳಿಸಿದರೆ ಮುಂದಿನ ಎಲ್ಲ ಕದನಗಳೂ ತಾವಾಗಿ ಅರ್ಥವಾಗುತ್ತವೆ.

ಆ ಕದನಗಳಲ್ಲಿ ಒಂದನ್ನು ನೆಲದ ಮೇಲೆ ಅಳೆದು ತೋರಿಸಬಹುದು. ವರ್ಷದ ಬಹುಪಾಲು ದಿನ ಲಾರಿಗಳೂ ಊರಿನವರ ಕಾರುಗಳೂ ಓಡಾಡುವ ಹೆದ್ದಾರಿಯೇ ಓಟದ ದಿನಗಳಲ್ಲಿ ಹ್ಯುನೊದಿಯೇರ್ ನೇರದಾರಿಯಾಗುತ್ತದೆ. ಸುಮಾರು ಆರು ಕಿಲೋಮೀಟರ್ ಉದ್ದ. 1988ರಲ್ಲಿ ಡಬ್ಲ್ಯೂಎಂ ಪೆಜೊ ಕಾರೊಂದರಲ್ಲಿ ರೋಜೆ ದೊರ್ಶಿ ಅಲ್ಲಿ ಗಂಟೆಗೆ 405 ಕಿಲೋಮೀಟರ್ ವೇಗ ದಾಖಲಿಸಿದರು. ಯಾವ ಓಟದ ಹಾದಿಯಲ್ಲೂ ನೇರದಾರಿ ಎರಡು ಕಿಲೋಮೀಟರ್ ಮೀರಬಾರದೆಂದು ಫೀಸಾ ಪಟ್ಟು ಹಿಡಿಯಿತು. 1989 ಮತ್ತು 1990ರ ಲ ಮಾನ್ ಓಟಗಳು ವಿಶ್ವ ಚಾಂಪಿಯನ್‌ಷಿಪ್‌ನ ಲೆಕ್ಕಕ್ಕೆ ಬರಲಿಲ್ಲ. 1990ರಲ್ಲಿ ಆ ನೇರದಾರಿಗೆ ಎರಡು ಅಡ್ಡತಿರುವುಗಳು ಬಂದವು. ನೀವು ಇದನ್ನು ‘ಪರಂಪರೆಯ ಕಗ್ಗೊಲೆ’ ಎಂದಿದ್ದೀರಿ. ನಾನು ಹಾಗೆ ಬರೆಯಲಾರೆ. 405 ಕಿಲೋಮೀಟರ್ ವೇಗದಲ್ಲಿ ಟೈರೊಂದು ಸಿಡಿದರೆ ಏನಾಗುತ್ತದೆಂದು ಯೋಚಿಸಿದವನಿಗೆ ಆ ತಿರುವುಗಳು ಬೇಕಾಗಿಯೇ ಇದ್ದವು. ಒಂದು ನಿರ್ಧಾರ ಅಧಿಕಾರದ ಹಟದಿಂದ ಹುಟ್ಟಿರಬಹುದು, ಅದೇ ವೇಳೆ ಸರಿಯೂ ಆಗಿರಬಹುದು. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವ ತಾಳ್ಮೆ ನಿಮ್ಮ ಬರಹಕ್ಕೆ ಇನ್ನೂ ಬಂದಿಲ್ಲ.

ಇನ್ನು ಒಂದು ದೊಡ್ಡ ತಪ್ಪು. 1991ರಲ್ಲಿ ಜಪಾನಿನ ಮಾಜ್ಡಾ 787ಬಿ ಕಾರು ಲ ಮಾನ್ ಗೆದ್ದದ್ದನ್ನು ಸಹಿಸದ ಯುರೋಪಿಯನ್ನರು ಮರುವರ್ಷವೇ ಅದರ, ಪಿಸ್ಟನ್ ಬದಲು ತಿರುಗುವ ರೋಟರ್ ಇರುವ, ರೋಟರಿ ಎಂಜಿನ್‌ಗೆ ನಿಷೇಧ ಹೇರಿದರು ಎಂದು ಬರೆದಿದ್ದೀರಿ. ಈ ಕಥೆ ಎಲ್ಲೆಡೆ ಓಡಾಡುತ್ತದೆ, ಕೇಳಲೂ ಚೆನ್ನಾಗಿದೆ, ಆದರೆ ಕಾಲಕ್ರಮ ತಲೆಕೆಳಗಾಗಿದೆ. 1982ರಲ್ಲಿ ಬಂದ, ಅಂದಿನ ಅಗ್ರವರ್ಗದ ಕಾರುಗಳ ಗ್ರೂಪ್ ಸಿ ನಿಯಮ ಎಂಜಿನ್ ಆಯ್ಕೆಯನ್ನು ತಯಾರಕರಿಗೇ ಬಿಟ್ಟು, ಇಂಧನಕ್ಕೆ ಮಿತಿ ಹಾಕಿತ್ತು. ಹಾಗಾಗಿಯೇ ಪೋರ್ಷೆಯ ಟರ್ಬೊ, ಜಾಗ್ವಾರ್‌ನ ಏಳು ಲೀಟರ್‌ನ ಹನ್ನೆರಡು ಸಿಲಿಂಡರ್, ಮಾಜ್ಡಾದ ರೋಟರಿ ಎಲ್ಲವೂ ಒಂದೇ ಸಾಲಿನಲ್ಲಿ ನಿಲ್ಲಬಹುದಾಗಿತ್ತು. ಫಾರ್ಮುಲಾ ಒನ್‌ನಲ್ಲಿದ್ದಂತೆ ಟರ್ಬೊ ಇಲ್ಲದ 3.5 ಲೀಟರ್ ಎಂಜಿನ್ ಮಾತ್ರ ಇರಬೇಕೆಂಬ ಹೊಸ ನಿಯಮ ಮಾಜ್ಡಾ ಗೆಲ್ಲುವ ಮೊದಲೇ ತೀರ್ಮಾನವಾಗಿತ್ತು. ಹೊಸ ಕಾರುಗಳು ಸಾಕಷ್ಟು ತಯಾರಾಗದೆ ಸಾಲು ಬರಿದಾಗುವ ಭಯದಿಂದ ಹಳೆಯ ಕಾರುಗಳಿಗೆ 1991ರಲ್ಲಿ ಇನ್ನೊಂದು ವರ್ಷದ ಅವಕಾಶ ಸಿಕ್ಕಿತು. ಮಾಜ್ಡಾ ಗೆದ್ದದ್ದು ಆ ಹೆಚ್ಚುವರಿ ವರ್ಷದಲ್ಲಿ. ಗೆದ್ದದ್ದಕ್ಕೆ ಹೊರದೂಡಿದರು ಎನ್ನುವುದಕ್ಕಿಂತ, ಹೊರಡಬೇಕೆಂದು ಮೊದಲೇ ಗೊತ್ತಿದ್ದವರು ಕೊನೆಯ ಅವಕಾಶದಲ್ಲಿ ಗೆದ್ದರು ಎಂಬ ನಿಜ ನನಗೆ ಹೆಚ್ಚು ನಾಟುತ್ತದೆ.

ಅದೇ ಓಟದಲ್ಲಿ ನಿಮ್ಮ ಕಣ್ಣು ತಪ್ಪಿಸಿದ ಇನ್ನೊಂದು ಸಂಗತಿ ಇದೆ. ಆ ವರ್ಷ ಆರಂಭದ ಸಾಲಿನ ಮೊದಲ ಹತ್ತು ಸ್ಥಾನಗಳನ್ನು ಹೊಸ ನಿಯಮದ ಕಾರುಗಳಿಗಾಗಿಯೇ ಕಾದಿರಿಸಲಾಗಿತ್ತು. ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿದ ಮರ್ಸಿಡಿಸ್ ಸಿ11 ಹನ್ನೊಂದನೆಯ ಸ್ಥಾನದಲ್ಲಿ ನಿಂತಿತು. ಮುಂದೆ ನಿಂತ ಪೆಜೊ 905 ಕಾರುಗಳು ರಾತ್ರಿ ಕಳೆಯುವ ಮೊದಲೇ ಓಟದಿಂದ ಹೊರಬಿದ್ದವು. ಈ ಒಂದು ಚಿತ್ರವನ್ನು ನೀವು ಶಾಂತವಾಗಿ ವಿವರಿಸಿದ್ದರೆ ‘ಷಡ್ಯಂತ್ರ’ದ ಹನ್ನೊಂದು ಪ್ರಯೋಗಗಳೂ ಬೇಕಾಗುತ್ತಿರಲಿಲ್ಲ. ಒಕ್ಕೂಟ ಯಾರನ್ನು ಮುಂದೆ ನೋಡಲು ಬಯಸಿತ್ತು ಎಂಬುದನ್ನು ಅದು ತಾನೇ ಬಿಳಿ ಬಣ್ಣದಲ್ಲಿ ರಸ್ತೆಯ ಮೇಲೆ ಬರೆದಿಟ್ಟಂತಿತ್ತು.

ಲ ಮಾನ್‌ನಂಥ ದೀರ್ಘ ಸಹನಾ ಓಟವನ್ನು ಕೊಂದು ತಯಾರಕರನ್ನು ಫಾರ್ಮುಲಾ ಒನ್‌ಗೆ ಅಟ್ಟುವುದೇ 3.5 ಲೀಟರ್ ನಿಯಮದ ಗುರಿಯಾಗಿತ್ತು ಎಂಬ ನಿಮ್ಮ ಮಾತಿನ ಬಗ್ಗೆಯೂ ಎಚ್ಚರ ಹೇಳಬೇಕು. ನಡೆದದ್ದೇನು ಎಂಬುದು ಸ್ಪಷ್ಟವಾಗಿದೆ. 1991ರ ಕೊನೆಗೆ ಜಾಗ್ವಾರ್ ಮತ್ತು ಮರ್ಸಿಡಿಸ್ ಹಿಂದೆ ಸರಿದವು, 1992ರ ಲ ಮಾನ್‌ನಲ್ಲಿ ಮೂವತ್ತು ಕಾರುಗಳೂ ಹೊರಡಲಿಲ್ಲ, 1993ರ ವಿಶ್ವ ಚಾಂಪಿಯನ್‌ಷಿಪ್ ನಡೆಯಲೇ ಇಲ್ಲ, ಪೆಜೊ 1994ರಲ್ಲಿ ಮೆಕ್‌ಲಾರೆನ್ ತಂಡಕ್ಕೆ ಎಂಜಿನ್ ಒದಗಿಸಿತು. ಇದು ಪರಿಣಾಮ. ಉದ್ದೇಶ ಬೇರೆ. ಬರ್ನಿ ಎಕ್ಲೆಸ್ಟನ್ ಆ ದಿನಗಳಲ್ಲಿ ಎಫ್‌ಐಎಯ ಉಪಾಧ್ಯಕ್ಷರೂ ಆಗಿದ್ದರು, ಫಾರ್ಮುಲಾ ಒನ್‌ನ ವ್ಯವಹಾರವನ್ನೂ ನೋಡಿಕೊಳ್ಳುತ್ತಿದ್ದರು ಎಂಬುದನ್ನು ಬರೆಯಿರಿ. ಓದುಗನಿಗೆ ಅನುಮಾನ ಬರಲು ಅಷ್ಟು ಸಾಕು. ಅವರ ಮನಸ್ಸಿನೊಳಗೆ ಹೊಕ್ಕು ಸಂಭಾಷಣೆ ಬರೆಯುವ ಹಕ್ಕು ನಿಮಗಿಲ್ಲ, ನನಗೂ ಇಲ್ಲ. ಆರನೆಯ ಪುಟದ ಆ ಕಾಲ್ಪನಿಕ ಭೋಜನದ ದೃಶ್ಯವನ್ನು ದಯವಿಟ್ಟು ತೆಗೆದುಹಾಕಿ.

ಈಗ ಒಂಬತ್ತನೆಯ ಪುಟಕ್ಕೆ ಬರುತ್ತೇನೆ. ನಿಮ್ಮ ತಂದೆ ಹೆದ್ದಾರಿಯ ಬದಿಯ ವೇ ಬ್ರಿಡ್ಜ್‌ನಲ್ಲಿ ಕೆಲಸ ಮಾಡುತ್ತಿದ್ದರೆಂದೂ, ಶಾಲೆ ಬಿಟ್ಟ ಮೇಲೆ ನೀವು ಅಲ್ಲಿ ಚೀಟಿ ಬರೆದುಕೊಡುತ್ತಿದ್ದಿರೆಂದೂ ಹೇಳಿ, ಲಾರಿ ತಕ್ಕಡಿಯ ಮೇಲೆ ನಿಂತಾಗ ಚಾಲಕ ಕೆಳಗಿಳಿಯದೆ ಕಿಟಕಿಯಿಂದ ಅಂಕಿ ನೋಡುತ್ತಿದ್ದ ಬಗೆಯನ್ನೂ, ಅಂಕಿ ನಿಲ್ಲುವ ಮೊದಲಿನ ಆ ಎರಡು ಕ್ಷಣ ಅವನು ಎಂಜಿನ್ ಆರಿಸಿ ಉಸಿರು ಬಿಗಿಹಿಡಿಯುತ್ತಿದ್ದುದನ್ನೂ ವರ್ಣಿಸಿದ್ದೀರಿ. ಇಡೀ ಲೇಖನದಲ್ಲಿ ನೀವು ಕಣ್ಣಾರೆ ಕಂಡು ಬರೆದ ಭಾಗ ಇದೊಂದೇ. ಅದನ್ನು ‘ಇರಲಿ, ವಿಷಯಕ್ಕೆ ಬರೋಣ’ ಎಂದು ನೀವೇ ಕತ್ತರಿಸಿದ್ದೀರಿ. ವಿಷಯ ಅಲ್ಲೇ ಇತ್ತು.

ಲ ಮಾನ್‌ನಲ್ಲಿ ಓಟಕ್ಕೆ ಮೊದಲು ಕಾರುಗಳನ್ನು ಊರಿನ ನಡುವಿನ ಚೌಕಕ್ಕೆ ತಂದು ಜನರೆದುರಿಗೇ ಪರೀಕ್ಷಿಸುವ ಪದ್ಧತಿ ಇದೆ. ಆ ವಿಧಿಗೆ ಅಲ್ಲಿನವರು ಇಟ್ಟ ಹೆಸರು ‘ಪೆಸಾಜ್’, ಅಂದರೆ ತೂಗುವುದು. ಸುತ್ತ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಊರಿನವರು, ನಡುವೆ ತಕ್ಕಡಿಯ ಮೇಲೆ ಒಂದು ಕಾರು. ನೀವು ಲೇಖನವನ್ನು ಅಲ್ಲಿಂದ ತೊಡಗಬೇಕು. 1991ರಲ್ಲಿ ಜಾಗ್ವಾರ್ ಮತ್ತು ಮರ್ಸಿಡಿಸ್‌ಗೆ ಕನಿಷ್ಠ ತೂಕ 1000 ಕಿಲೋ; ಮಾಜ್ಡಾಗೆ 830. ಮಾಜ್ಡಾ ತಂಡದ ಮುಖ್ಯಸ್ಥ ತಕಾಯೋಶಿ ಓಹಾಶಿ ಒಕ್ಕೂಟದೊಡನೆ ವಾದಿಸಿ ಪಡೆದ ರಿಯಾಯಿತಿ ಅದು. ಅಲ್ಲಿಯವರೆಗೆ ಏಳನೆಯ ಸ್ಥಾನಕ್ಕಿಂತ ಮೇಲೆ ಬಾರದ ತಯಾರಕನ ಬಗ್ಗೆ ಬಲಿಷ್ಠರು ತಲೆಕೆಡಿಸಿಕೊಂಡಿರಲಿಲ್ಲ. 170 ಕಿಲೋ ಎಂದರೆ ಮೂರು ಮೂಟೆ ಸಿಮೆಂಟಿಗಿಂತ ಹೆಚ್ಚು. ಮೂರು ಮೂಟೆ ಹೆಚ್ಚು ಹೇರಿದ ಬಂಡಿ ಪ್ರತಿ ತಿರುವಿನಲ್ಲೂ ಬ್ರೇಕ್ ತಿನ್ನುತ್ತದೆ, ಟೈರ್ ತಿನ್ನುತ್ತದೆ, ಪೆಟ್ರೋಲ್ ಕುಡಿಯುತ್ತದೆ ಎಂಬುದನ್ನು ಇಪ್ಪತ್ನಾಲ್ಕು ಗಂಟೆಗಳಿಗೆ ಗುಣಿಸಿ ಹೇಳಲು ನಿಮಗಿಂತ ಯೋಗ್ಯರು ನನಗೆ ಕಾಣುತ್ತಿಲ್ಲ. ಮುಂದಿದ್ದ ಮರ್ಸಿಡಿಸ್ ಕೊನೆಯ ಮೂರು ಗಂಟೆಗಳ ಆಸುಪಾಸಿನಲ್ಲಿ ಎಂಜಿನ್ ಬಿಸಿಯೇರಿ ನಿಂತಿತು. ಕಿತ್ತಳೆ ಹಸಿರು ಬಣ್ಣದ 55ನೆಯ ಸಂಖ್ಯೆಯ ಮಾಜ್ಡಾ 362 ಸುತ್ತು ಮುಗಿಸಿತು. ಅದರ ಹಿಂದೆ ಎರಡು, ಮೂರು, ನಾಲ್ಕನೆಯವಾಗಿ ಬಂದವು ಜಾಗ್ವಾರ್‌ಗಳು. ಕೊನೆಯ ಪಾಳಿ ಓಡಿಸಿದ ಜಾನಿ ಹರ್ಬರ್ಟ್ ಬಾಯಾರಿ ಬಳಲಿ ಕುಸಿದರು, ಬಹುಮಾನದ ಕಟ್ಟೆ ಹತ್ತಲಾಗಲಿಲ್ಲ. 2011ರಲ್ಲಿ ಅದೇ ಕಾರಿನೊಡನೆ ಹಿಂದಿರುಗಿದಾಗ ಅವರನ್ನು ಆ ಕಟ್ಟೆಗೆ ಹತ್ತಿಸಿದರು. ಇದು ನಿಮ್ಮ ಲೇಖನದಲ್ಲಿ ಒಂದೇ ಸಾಲಾಗಿದೆ. ಒಂದು ಪುಟ ಕೊಡಿ.

ತಕ್ಕಡಿಯ ಎಳೆ ಹಿಡಿದರೆ ಇಂದಿನವರೆಗೂ ಬರಬಹುದು. 2012ರಲ್ಲಿ ಎಸಿಓ ಮತ್ತು ಎಫ್‌ಐಎ ಕೂಡಿ ಹೊಸ ವಿಶ್ವ ಸಹನಾ ಚಾಂಪಿಯನ್‌ಷಿಪ್ ಆರಂಭಿಸಿದವು. ಈಗಿನ ಹೈಪರ್‌ಕಾರ್ ಎಂಬ ಅಗ್ರವರ್ಗದಲ್ಲಿ ಬೇರೆ ಬೇರೆ ಬಗೆಯ ಕಾರುಗಳನ್ನು ಸರಿದೂಗಿಸಲು ಸಂಘಟಕರೇ ತೂಕವನ್ನೂ ಶಕ್ತಿಯನ್ನೂ ನಿಗದಿಪಡಿಸುತ್ತಾರೆ. 2023ರ ಶತಮಾನೋತ್ಸವದ ಓಟಕ್ಕೆ ಕೆಲವೇ ದಿನ ಮುಂಚೆ ಟೊಯೋಟಾ ಮೇಲೆ 37 ಕಿಲೋ, ಫೆರಾರಿ ಮೇಲೆ 24, ಕ್ಯಾಡಿಲಾಕ್ ಮೇಲೆ 11, ಪೋರ್ಷೆ ಮೇಲೆ 3 ಕಿಲೋ ಹೇರಲಾಯಿತು. ನೀವು ಟೊಯೋಟಾದ ಅಂಕಿಯನ್ನು ಮಾತ್ರ ಕೊಟ್ಟು, 50 ವರ್ಷಗಳ ನಂತರ ಅಗ್ರವರ್ಗಕ್ಕೆ ಮರಳಿದ ಫೆರಾರಿಗೆ ಗೆಲುವನ್ನು ‘ಉಡುಗೊರೆಯಾಗಿ’ ಕೊಟ್ಟರೆಂದು ಬರೆದಿದ್ದೀರಿ. ನಾಲ್ಕೂ ಅಂಕಿಗಳನ್ನು ಕೊಡಿ. ಟೊಯೋಟಾ ಆ ವರ್ಷದ ಚಾಂಪಿಯನ್‌ಷಿಪ್‌ನಲ್ಲಿ ಅದಕ್ಕೆ ಮೊದಲಿನ ಮೂರೂ ಓಟ ಗೆದ್ದಿತ್ತೆಂದು ಹೇಳಿ. ಕೊನೆಯ ಎರಡು ಗಂಟೆಗಳೊಳಗೆ ಆರ್ನಾಜ್ ತಿರುವಿನಲ್ಲಿ ರ್ಯೊ ಹಿರಾಕಾವಾ ಬ್ರೇಕ್ ಹಾಕುವಾಗ ಹಿಡಿತ ತಪ್ಪಿ ತಡೆಗೋಡೆಗೆ ತಾಗಿದರೆಂದೂ, ಅಂತರ ಒಂದೂಕಾಲು ನಿಮಿಷಕ್ಕಿಂತ ತುಸು ಹೆಚ್ಚಿತ್ತೆಂದೂ ಸೇರಿಸಿ. ಆ ಎಡವಟ್ಟಿನಲ್ಲಿ 37 ಕಿಲೋದ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂಬ ಪ್ರಶ್ನೆ ಓದುಗನಲ್ಲಿ ಉಳಿಯಲಿ. ಈ ಸರಿದೂಗಿಸುವಿಕೆಯ ಬಗ್ಗೆ ತಂಡಗಳು ಬಹಿರಂಗವಾಗಿ ಮಾತನಾಡಬಾರದೆಂದು ನಿಯಮವೇ ಇದೆ. ಅದನ್ನು ನೀವು ಬಿಟ್ಟಿದ್ದೀರಿ, ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಗಂಭೀರ ಸಂಗತಿ. ಚಾಲಕ ತೂಕದ ಬಗ್ಗೆ ತಕರಾರು ಎತ್ತುವಂತಿಲ್ಲ ಎಂದು ವೇ ಬ್ರಿಡ್ಜ್‌ನಲ್ಲಿ ಫಲಕ ಹಾಕಿದ್ದರೆ ನಿಮ್ಮ ತಂದೆ ಏನೆನ್ನುತ್ತಿದ್ದರು?

ಉಳಿದವು ಸಣ್ಣ ಮಾತುಗಳು. ಊರಿನ ಹೆಸರು ನಿಮ್ಮಲ್ಲಿ ಲೀ ಮ್ಯಾನ್ಸ್, ಲೆ ಮ್ಯಾನ್ಸ್, ಲ ಮಾನ್ ಎಂದು ಮೂರು ರೂಪಗಳಲ್ಲಿದೆ, ಒಂದನ್ನೇ ಉಳಿಸಿಕೊಳ್ಳಿ. ‘ಪಿಟ್ ಸ್ಟಾಪ್’ಗೆ ‘ಗುಂಡಿ ನಿಲುಗಡೆ’ ಎಂಬ ಅನುವಾದ ಬೇಡ. ಟಿವಿಯಲ್ಲಿ ಓಟ ನೋಡುವ ಕನ್ನಡಿಗರೆಲ್ಲ ಪಿಟ್ ಎಂದೇ ಹೇಳುತ್ತಾರೆ. ಎಂಬತ್ತಕ್ಕೂ ಹೆಚ್ಚು ಜನ ಸತ್ತ 1955ರ ದುರಂತವನ್ನು ಅಲಂಕಾರದ ಒಂದು ವಾಕ್ಯವಾಗಿ ಬಳಸಿದ್ದೀರಿ. ಅದನ್ನು ಪೂರ್ತಿಯಾಗಿ ಬರೆಯಿರಿ, ಇಲ್ಲವೇ ಮುಟ್ಟದಿರಿ. 2012ರಲ್ಲಿ ಒಟ್ಟಾರೆ ಆರನೆಯ ಸ್ಥಾನ ಪಡೆದ ಚೆನ್ನೈನ ಕರುಣ್ ಚಂಧೋಕ್ ಮತ್ತು 2019ರಲ್ಲಿ ಅಲ್ಲಿ ಓಡಿಸಿದ ಬೆಂಗಳೂರಿನ ಅರ್ಜುನ್ ಮೈನಿ ಅವರನ್ನು ಕೊನೆಯ ಪುಟದಲ್ಲಿ ಅಂಟಿಸಿರುವುದು ನಮ್ಮವರ ಹೆಸರಿರಲಿ ಎಂಬ ಕಾರಣಕ್ಕೆ ಮಾತ್ರ ಎಂಬುದು ಎದ್ದು ಕಾಣುತ್ತದೆ. ಅವರಿಗೆ ಪ್ರತ್ಯೇಕ ಲೇಖನವೇ ಸಲ್ಲಬೇಕು, ಅದನ್ನೂ ನೀವೇ ಬರೆಯಬಹುದು.

ಹದಿನೆಂಟು ಪುಟಗಳನ್ನು ಹತ್ತಕ್ಕೆ ಇಳಿಸಿ, 1991 ಮತ್ತು 2023ರ ಎರಡು ಓಟಗಳನ್ನಷ್ಟೇ ಇಟ್ಟುಕೊಂಡು, ಚೌಕದ ತಕ್ಕಡಿಯಿಂದಲೂ ನಿಮ್ಮ ತಂದೆಯ ತಕ್ಕಡಿಯಿಂದಲೂ ಹೊರಟು ಬರೆದು ಕಳುಹಿಸಿ. ಬರೆಯುವ ಮೊದಲು ಅವರನ್ನು ಒಂದು ಮಾತು ಕೇಳಿ: ಲಾರಿಯ ಅಂಕಿ ಮಿತಿಗಿಂತ ನಲವತ್ತು ಕಿಲೋ ಮೇಲೆ ಬಂದಾಗ ಅವರು ಏನು ಮಾಡುತ್ತಿದ್ದರು, ಯಾರ ಲಾರಿಯಾದರೆ ಏನು ಮಾಡುತ್ತಿದ್ದರು? ಅವರ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ವಿಶ್ವಾಸದಿಂದ,
ಸಂಪಾದಕ