18 ತುಂಬಿದ ಮೇಲೆ ಸಹಿ ಯಾರದು?

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ, ಹುಟ್ಟಿನಿಂದ ಬುದ್ಧಿಮಾಂದ್ಯ. ಅಪ್ಪ ತೀರಿಕೊಂಡ ಮೇಲೆ ಹೊಲದ ಪೌತಿ ಖಾತೆಯಲ್ಲಿ (ವಾರಸುದಾರರ ಹೆಸರಿಗೆ ಆಗುವ ದಾಖಲೆ) ಅವನ ಹೆಸರೂ ಸೇರಿದೆ. ಅವನ ಬ್ಯಾಂಕ್ ಖಾತೆ ನಡೆಸಲು ಅಲ್ಲಿನವರು ಗಾರ್ಡಿಯನ್ ಸರ್ಟಿಫಿಕೇಟ್ ಕೇಳುತ್ತಿದ್ದಾರೆ. ಅವ್ವಗೆ ಓಡಾಡಲು ಆಗುವುದಿಲ್ಲ. ಕೋರ್ಟಿಗೆ ಹೋಗಬೇಕೇ?
— ಓದುಗರು, ಗಂಗಾವತಿ

ಉತ್ತರ: ಬೇಕಿಲ್ಲ, ತಾಯಿ. 18 ತುಂಬಿದ ಮೇಲೆ ಹೆತ್ತವರಿಗೂ ಅವನ ಪರ ಸಹಿ ಮಾಡುವ ಹಕ್ಕು ತಾನಾಗಿ ಉಳಿಯುವುದಿಲ್ಲ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪೋಷಕರನ್ನು (ಗಾರ್ಡಿಯನ್) ನೇಮಿಸುವುದು ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿ. ಅಕ್ಕನಾಗಿ ನೀವೇ ಅರ್ಜಿ ಹಾಕಬಹುದು; ಅವ್ವನ ಒಪ್ಪಿಗೆಯನ್ನು ಬರೆಸಿ ಜೊತೆಗಿಡಿ.

ಕೊಪ್ಪಳದ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, 'ಎ' ನಮೂನೆ ತುಂಬಿ. ತಮ್ಮನ ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಇಬ್ಬರ ಆಧಾರ್, ವಯಸ್ಸಿನ ಮತ್ತು ಸಂಬಂಧದ ದಾಖಲೆ, ಅಪ್ಪನ ಮರಣ ಪತ್ರ, ಪಹಣಿ ಸಿದ್ಧವಿರಲಿ. ಆಧಾರ್, ಯುಡಿಐಡಿ, ಪಹಣಿ ಮೂರರಲ್ಲೂ ಹೆಸರು ಒಂದೇ ತೆರನಾಗಿದೆಯೇ ನೋಡಿ. ಇಲ್ಲದಿದ್ದರೆ ಮೊದಲು ತಿದ್ದಿಸಿ. ಊರಿನ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯೂ ಈ ಕಾಗದಗಳಿಗೆ ನೆರವಾಗುತ್ತಾರೆ.

ಹೆಚ್ಚಿನವರು ಎಡವುವುದು 'ಯಾವ ಕೆಲಸಕ್ಕೆ ಪೋಷಕರು ಬೇಕು' ಎಂಬಲ್ಲಿ. 'ಎಲ್ಲದಕ್ಕೂ' ಎಂದು ಬರೆಯಬೇಡಿ. ಬ್ಯಾಂಕ್ ಖಾತೆ, ಪಿಂಚಣಿ, ಹೊಲದ ಲಾವಣಿ (ಗೇಣಿ) ಹಣ, ಚಿಕಿತ್ಸೆ ಎಂದು ಬಿಡಿಸಿ ಬರೆಯಿರಿ. ಸಮಿತಿ ಅಗತ್ಯವನ್ನು ತೂಗುವುದೇ ಇದರ ಮೇಲೆ. ಅದೇ ಹೊಲದಲ್ಲಿ ನಿಮಗೂ ಪಾಲಿದ್ದರೆ ಅದನ್ನು ಮುಚ್ಚಿಡದೆ ಹೇಳಿ. ನೋಟರಿ ಅಫಿಡವಿಟ್ ಮಾಡಿಸಿಕೊಡುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ, ಅದು ನೇಮಕವೇ ಅಲ್ಲ.

ನೇಮಕವಾದ 6 ತಿಂಗಳೊಳಗೆ ತಮ್ಮನ ಆಸ್ತಿ, ಸಾಲ, ಬರಬೇಕಾದ ಹಣದ ಪಟ್ಟಿ ಕೊಡಬೇಕು. ಆಮೇಲೆ ಪ್ರತಿವರ್ಷ ಜೂನ್ ಕೊನೆಯೊಳಗೆ ಲೆಕ್ಕ. ಅವನನ್ನು ಕಡೆಗಣಿಸಿದರೆ, ಆಸ್ತಿ ದುರುಪಯೋಗವಾದರೆ ಪೋಷಕರನ್ನು ತೆಗೆಯಲು ಯಾವ ಸಂಬಂಧಿಕರೂ ಸಮಿತಿಗೆ ಹೋಗಬಹುದು. ಇದು ಅವನ ರಕ್ಷಣೆಗಿರುವ ಬೇಲಿ, ಬೇಸರ ಪಡಬೇಡಿ. ಹೇಳಬಲ್ಲಷ್ಟನ್ನು ಅವನ ಬಾಯಿಂದಲೂ ಕೇಳಿ. ಪೋಷಕರು ಬಂದರೆಂದು ಅವನ ಇಷ್ಟಾನಿಷ್ಟ ಅಳಿಯುವುದಿಲ್ಲ.

ಪ್ರಶ್ನೆ: ಲಕ್ವ ಹೊಡೆದು ಅಪ್ಪ ಹಾಸಿಗೆ ಹಿಡಿದಿದ್ದಾರೆ. ಭತ್ತದ ದುಡ್ಡು ಅವರ ಖಾತೆಯಲ್ಲೇ ಇದೆ. ಅವರ ಪರ ವ್ಯವಹರಿಸಲು ಹಿಂದೆ ಮಾಡಿಸಿದ ಜಿಪಿಎ (ಅಧಿಕಾರ ಪತ್ರ) ನಡೆಯುತ್ತದೆಯೇ?
— ಓದುಗರು, ಸಿಂಧನೂರು

ಉತ್ತರ: ಮೊದಲು ನೋಡಬೇಕಾದ್ದು ಅವರಿಗೆ ತಿಳಿವಳಿಕೆ ಇದೆಯೇ ಎಂಬುದು. ಮಾತು ನಿಂತು ಕೈ ಆಡದಿದ್ದರೂ ಅರ್ಥವಾಗುತ್ತಿದ್ದರೆ ಪೋಷಕರು ಬೇಕಿಲ್ಲ. ಬ್ಯಾಂಕಿಗೆ ತಿಳಿಸಿ, ಇಬ್ಬರು ಸಾಕ್ಷಿಗಳೆದುರು ಹೆಬ್ಬೆಟ್ಟು ಒತ್ತಿಸಿ ಹಣ ಕೊಡಲು ರಿಸರ್ವ್ ಬ್ಯಾಂಕ್ ನಿಯಮವಿದೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯಾಗಿರಬೇಕು. ಕೈಬೆರಳು ಆಗದಿದ್ದರೆ ಕಾಲಿನ ಹೆಬ್ಬೆರಳೂ ಸಲ್ಲುತ್ತದೆ.

ಪ್ರಜ್ಞೆಯೇ ಇಲ್ಲದಿದ್ದರೆ ಹಳೆಯ ಜಿಪಿಎ ಕೆಲಸಕ್ಕೆ ಬಾರದು. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅದು ಕೊನೆಗೊಳ್ಳುತ್ತದೆ ಎನ್ನುತ್ತದೆ ಕರಾರು ಕಾಯ್ದೆಯ 201ನೇ ಕಲಂ. ನ್ಯಾಷನಲ್ ಟ್ರಸ್ಟ್ ಸಮಿತಿಗೂ ಈ ಪ್ರಕರಣ ಬರುವುದಿಲ್ಲ. ಆಸ್ಪತ್ರೆಯ ವರದಿ, ವಾರಸುದಾರರೆಲ್ಲರ ಒಪ್ಪಿಗೆ ಹಿಡಿದು ವಕೀಲರ ಮೂಲಕ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವ ದಾರಿ ಇದೆ. ರಾಯಚೂರಿನವರಿಗೆ ಅದು ಕಲಬುರಗಿ ಪೀಠ. ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ.